ಫ್ಯಾರಡೆ ಬೆನ್ನು ಹತ್ತಿದ ನಮ್ಮ ಉಕ್ಕು

ಫ್ಯಾರಡೆ ಅಂದ್ರೆ ನಮಗೆ ನೆನಪಾಗೋದು ಕಾಯಿಲ್, ಮ್ಯಾಗ್ನೆಟ್, ಇಂಡಕ್ಷನ್. ಫಸ್ಟ್ ಇಯರ್‌ನಲ್ಲಿ ಆ ನಿಯಮ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಆದ್ರೆ ಆ ಪ್ರಯೋಗಕ್ಕೆ ಹತ್ತು ವರ್ಷಕ್ಕೂ ಮೊದಲು ಇದೇ ಮನುಷ್ಯ ಫರ್ನೇಸ್ ಮುಂದೆ ನಿಂತು ಉಕ್ಕು ಕರಗಿಸ್ತಿದ್ದ. ಅವನ ತಲೆ ಕೆಡಿಸಿದ್ದು ಭಾರತದಿಂದ ಹೋದ ಉಕ್ಕು.

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಪಕ್ಕದ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ಅಪ್ಪ ಕಮ್ಮಾರ. ಮನೆಯಲ್ಲಿ ಬಡತನ, ಓದು ಬರಹ ಕಲಿತದ್ದೇ ಶಾಲೆಯ ಸಂಪಾದನೆ. ಹದಿನಾಲ್ಕನೇ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ ಸೇರಿದ. ಏಳು ವರ್ಷ ಅಲ್ಲೇ ಕೆಲಸ. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನ ಓದ್ತಾ ಓದ್ತಾ ವಿಜ್ಞಾನದ ಹುಚ್ಚು ಹಿಡೀತು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ, ನೋಟ್ಸ್ ಬರೆದ, ಅದಕ್ಕೆ ತಾನೇ ರಟ್ಟು ಹಾಕಿ ಡೇವಿಗೇ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ತು.

ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ವೂಟ್ಜ್ ಅನ್ನೋ ಉಕ್ಕಿನ ಮಾತು ಜೋರಾಗಿತ್ತು. 1790ರ ದಶಕದಲ್ಲಿ ಬೊಂಬಾಯಿಯಿಂದ ಡಾಕ್ಟರ್ ಹೆಲೆನಸ್ ಸ್ಕಾಟ್ ಅದರ ಗಟ್ಟಿಗಳನ್ನ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ್ದ. ನಮ್ಮ ಉಕ್ಕು ಅನ್ನೋ ಪದವೇ ಬಾಯಿಂದ ಬಾಯಿಗೆ ಹೋಗಿ ವೂಟ್ಜ್ ಆಯ್ತು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಮೈಸೂರು ಸೀಮೆಯಲ್ಲಿ ಕಬ್ಬಿಣದ ತುಂಡು, ಕಟ್ಟಿಗೆ, ಹಸಿ ಎಲೆ ಹಾಕಿ ಮಣ್ಣಿನ ಮೂಸೆಯ ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡೋದನ್ನ 1800ರ ಹೊತ್ತಿಗೆ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಜೇಮ್ಸ್ ಸ್ಟೋಡಾರ್ಟ್ ಅನ್ನೋ ಲಂಡನ್ನಿನ ಚಾಕು-ಕತ್ತರಿ ತಯಾರಕನಿಗೆ ಈ ಉಕ್ಕು ಅಂದ್ರೆ ಪ್ರಾಣ. ಅವನೂ ಫ್ಯಾರಡೆಯೂ 1818ರ ಸುಮಾರಿಗೆ ಜೊತೆಯಾದ್ರು. ಕಮ್ಮಾರನ ಮಗ ಮತ್ತೆ ಬೆಂಕಿಯ ಹತ್ರ ಬಂದ.

1819ರಲ್ಲಿ ಫ್ಯಾರಡೆ ವೂಟ್ಜಿನ ವಿಶ್ಲೇಷಣೆ ಪ್ರಕಟಿಸಿದ. ಮರುವರ್ಷ ಇಬ್ಬರೂ ಸೇರಿ ಬರೆದ ಲೇಖನದಲ್ಲಿ ಒಂದು ಮುಖ್ಯ ಸಂಗತಿ ಇದೆ. ವೂಟ್ಜನ್ನ ಕರಗಿಸಿ, ಬಡಿದು, ಪಾಲಿಶ್ ಮಾಡಿ, ತುಂಬಾ ನೀರಾದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ಇಟ್ರೆ ಅಲೆ ಅಲೆಯಾದ ಚಿತ್ತಾರ ಮೇಲೆ ಬರುತ್ತೆ. ಅಂದ್ರೆ ಅದು ಮೇಲೆ ಬಳಿದ ಬಣ್ಣ ಅಲ್ಲ, ಕೊರೆದ ಕೆತ್ತನೆಯೂ ಅಲ್ಲ. ಉಕ್ಕಿನ ಒಳಗಿನ ರಚನೆಯೇ.

ಇದು ಹಳೇ ಕತ್ತಿ ಕಾಪಾಡೋರಿಗೆ ಮೊದಲ ಪಾಠ. ಇಂಥ ಉಕ್ಕಿನಲ್ಲಿ ಕಾರ್ಬನ್ ಸುಮಾರು 1.5 ಶೇಕಡಾ. ಅದರಲ್ಲಿ ಸ್ವಲ್ಪ ಭಾಗ ಗಟ್ಟಿ ಕಾರ್ಬೈಡ್ ಕಣಗಳಾಗಿ ಸಾಲು ಸಾಲು ಕೂತಿರುತ್ತೆ. ಆಸಿಡ್ ಸುತ್ತಲಿನ ಉಕ್ಕನ್ನ ಕಪ್ಪು ಮಾಡುತ್ತೆ, ಕಾರ್ಬೈಡ್ ಬೆಳ್ಳಗೆ ಉಳಿಯುತ್ತೆ. ಆ ಮೇಲ್ಪದರ ಎಷ್ಟು ತೆಳು ಅಂದ್ರೆ, ತುಕ್ಕು ತೆಗೀತೀನಿ ಅಂತ ಉಪ್ಪುಕಾಗದ ಹಿಡಿದು ಉಜ್ಜಿದ್ರೆ ಕತ್ತಿ ಫಳಫಳ ಹೊಳೆಯುತ್ತೆ, ಚಿತ್ತಾರ ಮಾಯ. ಮತ್ತೆ ಎಚಿಂಗ್ ಮಾಡಿದ್ರೆ ವಾಪಸ್ ಬರಬಹುದು. ಆದ್ರೆ ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತೆ. ಮೊದಲ ಕುಶಲಕರ್ಮಿ ಮಾಡಿದ ಮೇಲ್ಮೈ ಅಂತೂ ವಾಪಸ್ ಬರಲ್ಲ. ಅದಕ್ಕೇ ಬಲ್ಲವರು ತೆಳು ಎಣ್ಣೆ ಹಚ್ಚಿ, ತುಕ್ಕು ಮೆತ್ತಗಾಗಲು ಬಿಟ್ಟು, ಬಟ್ಟೆಯಿಂದ ನಿಧಾನ ಒರೆಸ್ತಾರೆ. ಬರಿಗೈಲಿ ಮುಟ್ಟಲ್ಲ, ಬೆವರಿನ ಉಪ್ಪೇ ತುಕ್ಕಿಗೆ ದಾರಿ. ತೇವ ಹಿಡಿದಿಡುವ ಚರ್ಮದ ಒರೆಯೊಳಗೂ ಇಡಲ್ಲ. ಎಚಿಂಗ್ ಬೇಕೇ ಬೇಕಾದ್ರೆ ಅದು ತಜ್ಞರ ಕೆಲಸ.

ಫ್ಯಾರಡೆ ಎಲ್ಲವನ್ನೂ ಸರಿಯಾಗಿ ಹಿಡಿದನಾ? ಇಲ್ಲ. ವೂಟ್ಜಿನ ಗುಣಕ್ಕೆ ಅದರಲ್ಲಿರೋ ಅಲ್ಯುಮಿನಿಯಂ ಅಂಶ ಕಾರಣ ಅಂದುಕೊಂಡ. ನಂತರದ ಪರೀಕ್ಷೆಗಳು ಅದನ್ನ ಒಪ್ಪಲಿಲ್ಲ. ಆದ್ರೆ ಆ ತಪ್ಪು ಊಹೆಯ ಬೆನ್ನು ಹತ್ತಿ ಅವರಿಬ್ಬರೂ ಬೆಳ್ಳಿ, ಪ್ಲಾಟಿನಂ, ರೋಡಿಯಂ ಹೀಗೆ ಏನೇನೋ ಬೆರೆಸಿ ನೋಡಿದ್ರು. ಅಲಾಯ್ ಸ್ಟೀಲ್ ಬಗ್ಗೆ ಕ್ರಮಬದ್ಧವಾಗಿ ಮಾಡಿದ ಮೊದಮೊದಲ ಪ್ರಯೋಗಗಳು ಇವು. 1823ರಲ್ಲಿ ಸ್ಟೋಡಾರ್ಟ್ ತೀರಿಕೊಂಡ. ಸ್ವಲ್ಪದರಲ್ಲೇ ಉಕ್ಕಿನ ಕೆಲಸವೂ ನಿಂತಿತು. 1831ರಲ್ಲಿ ಇಂಡಕ್ಷನ್ ಬಂತು, ಲೋಕ ಉಕ್ಕಿನ ಫ್ಯಾರಡೆಯನ್ನ ಮರೆತೇಬಿಡ್ತು. 1867ರ ಆಗಸ್ಟ್ 25ರಂದು ಆತ ತೀರಿಕೊಂಡ.

ಅವನು ಕರಗಿಸಿದ ಚೂರುಗಳು ಮಾತ್ರ ಒಂದು ಪೆಟ್ಟಿಗೆಯಲ್ಲಿ ಉಳಿದಿದ್ವು. ನೂರು ವರ್ಷದ ಮೇಲೆ ರಾಬರ್ಟ್ ಹ್ಯಾಡ್‌ಫೀಲ್ಡ್ ಆ 79 ತುಂಡುಗಳನ್ನ ಆದಷ್ಟು ಕಡಿಮೆ ಲೋಹ ತೆಗೆದು ಪರೀಕ್ಷಿಸಿ, 1931ರಲ್ಲಿ ಪುಸ್ತಕವನ್ನೇ ಬರೆದ. ಯಾರೋ ಅವನ್ನ ಹಳೇ ಗುಜರಿ ಅಂತ ಎಸೆದಿದ್ರೆ ಅಥವಾ ಚೆನ್ನಾಗಿ ಕಾಣಲಿ ಅಂತ ಉಜ್ಜಿ ಉಜ್ಜಿ ಸವೆಸಿದ್ರೆ, ಆ ಪುಸ್ತಕ ಬರ್ತಿರಲಿಲ್ಲ. ನಿಮ್ಮ ಊರಿನ ಮನೆಯ ಅಟ್ಟದಲ್ಲೋ ದೇವರ ಕೋಣೆಯಲ್ಲೋ ಹಳೇ ಕತ್ತಿ ಇದ್ರೆ, ಉಪ್ಪುಕಾಗದ ಕೈಗೆ ತಗೊಳ್ಳೋ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಿ.