ಲೇಸರ್ ವೈದ್ಯದ ಪಿತಾಮಹ ಲಿಯಾನ್ ಗೋಲ್ಡ್‌ಮನ್

ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದು ಕಾಗದ ಸುಡುವ ಆಟವನ್ನು ನಾವೆಲ್ಲರೂ ಬಾಲ್ಯದಲ್ಲಿ ಆಡಿದವರೇ. ಬಿಳಿ ಕಾಗದ ಸುಡಲು ತಡವಾಗುತ್ತದೆ. ಮಸಿ ತಾಗಿದಲ್ಲಿ ಬೇಗನೆ ಹೊಗೆ ಏಳುತ್ತದೆ. ಕಪ್ಪು ಬಣ್ಣ ಬೆಳಕನ್ನು ಹೆಚ್ಚು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಈ ಸಣ್ಣ ಸತ್ಯವನ್ನು ಮನುಷ್ಯನ ಚರ್ಮದಲ್ಲಿ ತಾಳ್ಮೆಯಿಂದ ಪರೀಕ್ಷಿಸಿ ನೋಡಿದವರು ಅಮೇರಿಕದ ಡಾ. ಲಿಯಾನ್ ಗೋಲ್ಡ್‌ಮನ್.

1905ರಲ್ಲಿ ಜನಿಸಿದ ಇವರು ಓಹಿಯೋ ರಾಜ್ಯದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದು, ಮುಂದೆ ಅಲ್ಲಿಯೇ ಚರ್ಮರೋಗ ವಿಭಾಗದ ಮುಖ್ಯಸ್ಥರಾದರು. 1960ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಥಿಯೊಡೋರ್ ಮೈಮನ್ ಕೃತಕ ಮಾಣಿಕ್ಯದ ಕಡ್ಡಿಯಿಂದ ಮೊತ್ತಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಆಗ ಗೋಲ್ಡ್‌ಮನ್‌ರಿಗೆ ಐವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಹೊಸ ವಿದ್ಯೆಗೆ ಕೈಹಾಕುವವರು ವಿರಳ. ಅವರಾದರೋ ಮರುವರ್ಷವೇ ಲೇಸರ್ ಪ್ರಯೋಗಶಾಲೆಯನ್ನು ತೆರೆದರು.

ಈ ಕಿರಣವನ್ನು ಕೆಲವರು ಮೃತ್ಯುಕಿರಣವೆಂದು ಭಯಪಟ್ಟರು, ಕೆಲವರು ಸಕಲ ರೋಗಕ್ಕೂ ಮದ್ದೆಂದು ನಂಬಿದರು. ಗೋಲ್ಡ್‌ಮನ್‌ರು ಎರಡಕ್ಕೂ ಮರುಳಾಗಲಿಲ್ಲ. ಕಿರಣದಿಂದ ಏನು ಗುಣವಾದೀತು ಎಂಬುದಕ್ಕೆ ಮೊದಲು ಏನು ಗಾಯವಾದೀತು ಎಂದು ತಿಳಿಯಹೊರಟರು. ಕಿರಣ ತಾಗಿದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸಂಗಡಿಗರೊಂದಿಗೆ 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಪ್ಪು ಕೂದಲು, ಕಪ್ಪು ಚರ್ಮಗಳಿಗೆ ಹೆಚ್ಚು ಹಾನಿ. ಬಿಳಿಯ ಭಾಗಕ್ಕೆ ಕಡಿಮೆ. ಅಂದರೆ ಬಣ್ಣವಿರುವ ಕಣಗಳನ್ನಷ್ಟೇ ನಾಶಮಾಡಿ ಸುತ್ತಲಿನ ಮಾಂಸವನ್ನು ಉಳಿಸುವ ದಾರಿಯೊಂದಿತ್ತು. ಹಚ್ಚೆಯನ್ನು ಅಳಿಸಲೂ ಹುಟ್ಟಿನಿಂದ ಬಂದ ಕೆಂಪು ಮಚ್ಚೆಗಳ ಚಿಕಿತ್ಸೆಗೂ ಅವರು ಇದನ್ನೇ ಪ್ರಯೋಗಿಸಿದರು. ಕಿರಣದ ಅವಧಿ ಎಷ್ಟು ಅಲ್ಪವಾಗಿದ್ದರೆ ನೆರೆಯ ಅಂಗಾಂಶ ಸುಡದೆಂಬ ಲೆಕ್ಕವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ಸ್ಪಷ್ಟಪಡಿಸಿದರು.

ಎಲ್ಲವೂ ಸುಸೂತ್ರವಾಗಲಿಲ್ಲ. ಆ ಕಾಲದ ಪ್ರಯೋಗಗಳಲ್ಲಿ ಗಡ್ಡೆಗಳ ಮೇಲೆ ಬಲವಾದ ಕಿರಣ ಬಿಟ್ಟಾಗ ಅಂಗಾಂಶದ ಚೂರುಗಳು ಸಿಡಿಯುತ್ತಿದ್ದವು. ಕಣ್ಣಿಗೆ ಹೊಕ್ಕ ಕಿರಣ ದೃಷ್ಟಿಯನ್ನೇ ಕಳೆಯಬಲ್ಲದು. ಆದುದರಿಂದ ರೋಗಿಯ ಮತ್ತು ವೈದ್ಯನ ರಕ್ಷಣೆಯ ವಿಚಾರವನ್ನು ಗೋಲ್ಡ್‌ಮನ್‌ರು ಚಿಕಿತ್ಸೆಯಷ್ಟೇ ಮುಖ್ಯವೆಂದು ಬಗೆದರು. ಲೇಸರ್ ಇಲ್ಲದೆ ಆಗುವ ಕೆಲಸಕ್ಕೆ ಲೇಸರ್ ಬಳಸಬಾರದೆಂಬುದು ಅವರ ಉಪದೇಶ. ಲೇಸರ್ ವೈದ್ಯದ ಪಿತಾಮಹನೆನಿಸಿಕೊಂಡವರೇ ಹೀಗೆ ಹೇಳಿದುದು ಗಮನಾರ್ಹ.

1997ರಲ್ಲಿ ಅವರು ತೀರಿಕೊಂಡರು. ಇಂದು ಮಚ್ಚೆ, ಹಚ್ಚೆ, ಬೇಡದ ಕೂದಲುಗಳನ್ನು ಲೇಸರ್‌ನಿಂದ ತೆಗೆಸುತ್ತೇವೆಂಬ ಜಾಹೀರಾತುಗಳನ್ನು ನಾವು ಅಲ್ಲಲ್ಲಿ ಕಾಣುತ್ತೇವೆ. ನಮ್ಮ ಮೈಬಣ್ಣ ಹೆಚ್ಚು ಬೆಳಕನ್ನು ಹೀರುವಂಥದು. ಅಳತೆ ತಪ್ಪಿದರೆ ಸುಟ್ಟ ಕಲೆ ಉಳಿದೀತು. ನಮ್ಮ ಮಕ್ಕಳು ಅಲ್ಲಿಗೆ ಹೋಗುವ ಮುನ್ನ ತಿಳಿದ ಚರ್ಮವೈದ್ಯರನ್ನು ಕೇಳಿದರೆ, ಗೋಲ್ಡ್‌ಮನ್‌ರ ಪಾಠವನ್ನು ಕಲಿತಂತೆಯೇ ಸರಿ.