ಜಾನ್ ಪೋಸ್ಟೆಲ್: ಇಂಟರ್ನೆಟ್‌ನ ನಿಯಮಗಳನ್ನು ಕಾದವರು

ಪರೀಕ್ಷೆಯ ಫಲಿತಾಂಶದ ಪುಟ ತೆರೆದಾಗ, ಇಮೇಲ್ ಕಳುಹಿಸಿದಾಗ ನಾವು ಒಬ್ಬರ ಶ್ರಮದ ಫಲವನ್ನು ಉಣ್ಣುತ್ತಿರುತ್ತೇವೆ. ಅವರ ಹೆಸರು ಜಾನ್ ಪೋಸ್ಟೆಲ್.

ಪೋಸ್ಟೆಲ್ ಅವರು 1943ರ ಆಗಸ್ಟ್ 6ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದರು. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದರು. ಇಂಟರ್ನೆಟ್‌ನ ಪೂರ್ವರೂಪವಾದ ಅರ್ಪಾನೆಟ್ 1969ರಲ್ಲಿ ಆರಂಭವಾದಾಗ ಅವರು ಅಲ್ಲಿ ವಿದ್ಯಾರ್ಥಿ. ಜಾಲದ ನಿಯಮಗಳನ್ನು ಬರೆದಿಡುವ 'ಆರ್‌ಎಫ್‌ಸಿ' ದಾಖಲೆಗಳ ಸಂಪಾದಕರಾಗಿ ಕೊನೆಯವರೆಗೂ ದುಡಿದರು. ಜಾಲದಲ್ಲಿ ಬಳಸುವ ಸಂಖ್ಯೆಗಳ ಪಟ್ಟಿಯನ್ನೂ ವರ್ಷಗಟ್ಟಲೆ ಅವರೇ ನೋಡಿಕೊಂಡರು.

ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ರೂಪಿಸಿದ ಟಿಸಿಪಿ ಎಂಬ ನಿಯಮಾವಳಿಯನ್ನು ಪೋಸ್ಟೆಲ್ 1981ರ ಸೆಪ್ಟೆಂಬರ್‌ನಲ್ಲಿ 793ನೇ ಆರ್‌ಎಫ್‌ಸಿಯಾಗಿ ಸಂಪಾದಿಸಿ ಹೊರತಂದರು. ಅದರಲ್ಲಿ 'ವಿಂಡೋ' ಎಂಬ ಒಂದು ಅಂಕಣವಿದೆ. ತಲುಪಿತು ಎಂಬ ಉತ್ತರಕ್ಕೆ ಕಾಯದೆ ಎಷ್ಟು ದತ್ತಾಂಶ ಕಳುಹಿಸಬಹುದು ಎಂದು ಪಡೆಯುವ ಕಂಪ್ಯೂಟರ್ ಅದರಲ್ಲಿ ತಿಳಿಸುತ್ತದೆ. ಇದು ಅಂಗಡಿಯ ಉದ್ರಿ ಪುಸ್ತಕವಿದ್ದಂತೆ. ಮಿತಿ ಮುಟ್ಟಿದ ಮೇಲೆ ಹಿಂದಿನದು ತೀರುವ ತನಕ ಹೊಸ ಸಾಮಾನು ಸಿಗುವುದಿಲ್ಲ.

ಆ ಅಂಕಣಕ್ಕೆ ಮೀಸಲಿಟ್ಟದ್ದು 16 ಬಿಟ್ ಮಾತ್ರ. ಅಂದರೆ ಗರಿಷ್ಠ ಮಿತಿ 65,535 ಬೈಟ್. ಆಗಿನ ನಿಧಾನ ತಂತಿಗಳಿಗೆ ಅದು ಧಾರಾಳವಾಗಿ ಸಾಕಿತ್ತು. ತಂತಿಗಳು ವೇಗವಾದಾಗ ತೊಡಕು ಎದ್ದಿತು. ದೂರದ ಸರ್ವರಿಗೆ ಹೋಗಿ ಬರಲು 0.2 ಸೆಕೆಂಡ್ ಬೇಕು ಎನ್ನೋಣ. ಒಂದು ಸೆಕೆಂಡಿನಲ್ಲಿ ಐದು ಸುತ್ತು ಮಾತ್ರ. 65,535 ಬೈಟನ್ನು 8ರಿಂದ, ಮತ್ತೆ 5ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 26 ಲಕ್ಷ ಬಿಟ್, ಅಂದರೆ 2.6 ಮೆಗಾಬಿಟ್. ನಿಮ್ಮ ಸಂಪರ್ಕ 100 ಮೆಗಾಬಿಟ್‌ನದಾಗಿದ್ದರೂ ಆ ಒಂದು ಕೊಂಡಿಗೆ ಸಿಗುವುದು ಇಷ್ಟೇ. ಪೂರ್ತಿ ವೇಗಕ್ಕೆ ಸುಮಾರು 25 ಲಕ್ಷ ಬೈಟ್‌ಗಳ ವಿಂಡೋ ಬೇಕು.

ಹಾಗೆಂದು ಜಗತ್ತಿನ ಎಲ್ಲ ಕಂಪ್ಯೂಟರುಗಳನ್ನು ಒಂದೇ ದಿನ ಬದಲಿಸಲಾಗದು. ಆದರೆ 1981ರ ದಾಖಲೆಯಲ್ಲೇ, ಮುಂದೆ ಬೇಕಾದರೆ ಹೊಸ ಅಂಶ ಸೇರಿಸಿಕೊಳ್ಳಲು 'ಆಪ್ಷನ್' ಎಂಬ ಜಾಗ ಬಿಡಲಾಗಿತ್ತು. ವ್ಯಾನ್ ಜೇಕಬ್ಸನ್, ಬಾಬ್ ಬ್ರೇಡನ್, ಡೇವ್ ಬೋರ್ಮನ್ ಅದನ್ನೇ ಬಳಸಿ 1992ರಲ್ಲಿ 1323ನೇ ಆರ್‌ಎಫ್‌ಸಿ ಬರೆದರು. ಸಂಪರ್ಕ ಶುರುವಾಗುವಾಗಲೇ ಎರಡೂ ಕಡೆಯವರು ಒಪ್ಪಿದರೆ, ಹಳೆಯ ಅಂಕಣದ ಸಂಖ್ಯೆಯನ್ನು 16,384 ಪಟ್ಟಿನವರೆಗೂ ಹಿಗ್ಗಿಸಿ ಓದಬಹುದು. ಮಿತಿ ಸುಮಾರು ಒಂದು ಗಿಗಾಬೈಟಿಗೆ ಏರಿತು. ಈ ಆಪ್ಷನ್ ಅರಿಯದ ಹಳೆಯ ಯಂತ್ರಗಳೂ ಎಂದಿನಂತೆ ನಡೆದವು. ಆಗಲೂ ಆರ್‌ಎಫ್‌ಸಿಗಳ ಸಂಪಾದಕರು ಪೋಸ್ಟೆಲ್ ಅವರೇ.

1998ರ ಅಕ್ಟೋಬರ್ 16ರಂದು, 55ನೇ ವಯಸ್ಸಿನಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ತಾನು ಕಳುಹಿಸುವಾಗ ಕಟ್ಟುನಿಟ್ಟಾಗಿರಬೇಕು, ಇತರರಿಂದ ಪಡೆಯುವಾಗ ಉದಾರವಾಗಿರಬೇಕು ಎಂಬ ನಿಯಮಕ್ಕೆ ಎಂಜಿನಿಯರುಗಳು ಇಂದಿಗೂ ಅವರ ಹೆಸರನ್ನೇ ಇಟ್ಟಿದ್ದಾರೆ.

ಗೆಳೆಯರೇ, ನಾಳೆ ನೀವೂ ಏನನ್ನಾದರೂ ಕಟ್ಟುವಿರಿ. ಎಲ್ಲವನ್ನೂ ಮುಂಚೆಯೇ ಊಹಿಸಲು ಯಾರಿಂದಲೂ ಆಗದು. ನಮ್ಮ ನಂತರ ಬರುವವರು ತಿದ್ದಿಕೊಳ್ಳಲು ಸ್ವಲ್ಪ ಜಾಗ ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ.