ಹೋದ ಗೆಳೆಯರು, ಉಳಿದ ಪ್ರೀತಿ

ನಿಮ್ಮ ಮದುವೆಯ ಆಲ್ಬಮ್ಮನ್ನು ಒಮ್ಮೆ ತೆಗೆದು ನೋಡಿ. ಮದುಮಕ್ಕಳ ಪಕ್ಕದಲ್ಲಿ ನಿಂತು ನಗುತ್ತಿರುವ ಗೆಳೆಯ ಗೆಳತಿಯರಲ್ಲಿ ಇಂದು ನಿಮ್ಮ ಮನೆಗೆ ಬಂದು ಹೋಗುವವರು ಎಷ್ಟು ಮಂದಿ? ಕೆಲವರು ವರ್ಗವಾಗಿ ದೂರ ಹೋದರು. ಕೆಲವರು ತೀರಿಕೊಂಡರು. ಇನ್ನು ಕೆಲವರು ಅದೇ ಊರಿನಲ್ಲಿದ್ದರೂ, ಯಾವುದೋ ಒಂದು ಮಾತಿಗೆ ಮನಸ್ತಾಪವಾಗಿ, ಎದುರಿಗೆ ಸಿಕ್ಕಾಗ ಮುಖ ತಿರುಗಿಸುತ್ತಾರೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯವರಿಗೆ ಈ ಮಾತು ಬೇಗ ಅರ್ಥವಾದೀತು. ಈ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನವನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಇಂಥ ಕಾಲದಲ್ಲಿ ಒಂದೇ ಚಪ್ಪರದಡಿ ಕುಳಿತ ಅಪರಿಚಿತರು ಗೆಳೆಯರಾಗುತ್ತಾರೆ. ಜಮೀನು ಕೊಡೋಣ ಎನ್ನುವವರು, ಬೇಡ ಎನ್ನುವವರು ಎಂದು ಬಾಲ್ಯದ ಗೆಳೆಯರು ಬೇರೆಯಾಗುವುದೂ ಉಂಟು. ಹೋರಾಟ ಮುಗಿಯುತ್ತದೆ, ಮುರಿದ ಮನಸ್ಸು ಕೂಡುವುದಕ್ಕೆ ಇನ್ನೂ ಕಾಲ ಬೇಕು.

ಇದೇ ದೇವನಹಳ್ಳಿ ಟಿಪ್ಪು ಸುಲ್ತಾನ್ ಹುಟ್ಟಿದ ಊರು. ಆ ಸುಲ್ತಾನ ಶ್ರೀರಂಗಪಟ್ಟಣದಲ್ಲಿ ಮಡಿದ 1799ನೆಯ ಇಸವಿಯ ನಂತರ ಮೈಸೂರು ಸೀಮೆಗೆ ಬಂದ ಒಬ್ಬ ಗುರುವಿನ ಬಾಳು ಸ್ನೇಹದ ವಿಷಯದಲ್ಲಿ ನಮಗೆ ಬಹಳ ಕಲಿಸುತ್ತದೆ. ಅವರೇ ಅಬ್ಬೆ ದುಬುವಾ. ನಮ್ಮ ಹಿರಿಯರ ಬಾಯಲ್ಲಿ ದೊಡ್ಡ ಸ್ವಾಮಿಯವರು.

ಮೊದಲ ಗೆಳೆಯರು

ಜಾನ್ ಆಂಟ್ವಾನ್ ದುಬುವಾ 1766ರಲ್ಲಿ ಫ್ರಾನ್ಸಿನ ಆರ್ದೆಶ್ ಪ್ರಾಂತದ ಒಂದು ಹಳ್ಳಿಯಲ್ಲಿ ಹುಟ್ಟಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶಿ ಧರ್ಮಪ್ರಚಾರಕರ ಸಂಘವನ್ನು ಸೇರಿ, ಅದೇ ವರ್ಷ ಹಡಗು ಹತ್ತಿದರು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿತ್ತು. ಗುರುಗಳನ್ನು ಬೇಟೆಯಾಡುವ ದಿನಗಳು ಬಂದವು. ದುಬುವಾ ಅವರಂತೆಯೇ ನಂಬಿ ನಡೆದ ಅವರ ಗೆಳೆಯರಲ್ಲಿ ಅನೇಕರು ಆ ಕ್ರಾಂತಿಗೆ ಬಲಿಯಾದರು. ತಾವೂ ಅಲ್ಲಿಯೇ ಉಳಿದಿದ್ದರೆ ಅದೇ ಗತಿಯಾಗುತ್ತಿತ್ತೆಂದು ಅವರು ಮುಂದೆ ಒಪ್ಪಿಕೊಂಡಿದ್ದಾರೆ. ಮೂವತ್ತು ತುಂಬುವ ಮೊದಲೇ ಯೌವನದ ಗೆಳೆಯರನ್ನು ಕಳೆದುಕೊಂಡ ಮನುಷ್ಯ, ಭಾಷೆ ತಿಳಿಯದ ನಾಡಿನಲ್ಲಿ ಒಬ್ಬಂಟಿ.

ಅಂಥವರು ಮನಸ್ಸಿನ ಬಾಗಿಲು ಹಾಕಿಕೊಂಡು ಬದುಕಬಹುದಿತ್ತು. ಇವರು ಹಾಗೆ ಮಾಡಲಿಲ್ಲ. ಹಳ್ಳಿಗರಂತೆ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಊಟ ಉಪಚಾರದಲ್ಲೂ ಅವರ ರೀತಿಯನ್ನೇ ಹಿಡಿದರು. ಇಲ್ಲಿಯ ಮಾತು ಕಲಿತರು. ಗೆಳೆತನ ಬೇಕೆಂದರೆ ಮೊದಲು ತಾನು ಬಾಗಬೇಕು ಎಂಬ ಪಾಠವನ್ನು ಅವರು ಬಾಳಿ ತೋರಿಸಿದರು.

ಬಿಟ್ಟುಹೋದವರಿಗೆ ಬಾಗಿಲು

1784ರಲ್ಲಿ ಕೆನರಾದಿಂದ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಸಾವಿರಾರು ಕ್ರೈಸ್ತರಲ್ಲಿ ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಪ್ರಾಣ ಬಿಟ್ಟಿದ್ದರು. ಬದುಕಿದವರಲ್ಲಿ ಹಲವರು ಒತ್ತಾಯಕ್ಕೆ ಸಿಕ್ಕಿ ಧರ್ಮವನ್ನು ಬಿಟ್ಟಿದ್ದರು. ಚದುರಿಹೋದ ಈ ಮಂದೆಯನ್ನು ಕೂಡಿಸುವುದಕ್ಕೆಂದೇ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ದುಬುವಾ ಅವರಿಗೆ ಕರೆ ಬಂತು.

ಇದು ಸುಲಭದ ಕೆಲಸವಲ್ಲ. ಕಷ್ಟಕಾಲದಲ್ಲಿ ಕೈಬಿಟ್ಟವರನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಯಾರಿಗೂ ಕಷ್ಟವೇ. ಆದರೂ ದುಬುವಾ ಅವರು ಹಿಂದಿರುಗಲು ಬಯಸಿದವರನ್ನು ಧರ್ಮಸಭೆಯೊಳಗೆ ಬರಮಾಡಿಕೊಂಡರು. ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗೆ ಉಳುಮೆಯ ದಾರಿ ತೋರಿಸಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸತ್ತಿಹಳ್ಳಿ ಅವುಗಳಲ್ಲಿ ಮುಖ್ಯವಾದುದು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದಾಗ, ಆಗತಾನೆ ನಮ್ಮ ನಾಡಿಗೆ ಬಂದಿದ್ದ ಲಸಿಕೆಯನ್ನು ಜನರಿಗೆ ಹಾಕಿಸಲು ಶ್ರಮಿಸಿದರು. 1803-04ರಲ್ಲಿ ಹೀಗೆ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಲ್ಲಿದೆ. ಹೊಸ ಮದ್ದನ್ನು ಕಂಡು ಜನ ಹೆದರುತ್ತಿದ್ದ ಕಾಲ ಅದು. ನಂಬಿಕೆ ಇಲ್ಲದ ಕಡೆ ಯಾವ ತಾಯಿ ತನ್ನ ಕೂಸಿನ ತೋಳನ್ನು ಮುಂದೆ ಚಾಚಿಯಾಳು?

ನಡುವಯಸ್ಸಿನಲ್ಲಿ

ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದುಬುವಾ ಅವರ ಬರಹದ ಬೆಲೆಯನ್ನು ಅರಿತರು. ಫ್ರೆಂಚರಿಗೂ ಇಂಗ್ಲಿಷರಿಗೂ ಯುದ್ಧ ನಡೆಯುತ್ತಿದ್ದ ಕಾಲ ಅದು. ಆದರೂ ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತ ಆ ಹಸ್ತಪ್ರತಿಯನ್ನು ವಿಲ್ಕ್ಸ್ ಸರ್ಕಾರದ ಗಮನಕ್ಕೆ ತಂದರು. ಕಂಪನಿ ಅದನ್ನು 2,000 ವರಹಗಳಿಗೆ ಕೊಂಡುಕೊಂಡು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚು ಮಾಡಿಸಿತು. ಆದರೆ ಆ ಪರಿಚಯಗಳೂ ಒಂದೊಂದಾಗಿ ದೂರವಾದವು. ವೆಲ್ಲೆಸ್ಲಿ 1805ರಲ್ಲಿಯೇ ಇಂಡಿಯಾ ಬಿಟ್ಟಿದ್ದರು. ವಿಲ್ಕ್ಸ್ ಕೂಡ ಸ್ವದೇಶಕ್ಕೆ ತೆರಳಿ, ಆಮೇಲೆ ಸೇಂಟ್ ಹೆಲೆನಾ ದ್ವೀಪದ ಗವರ್ನರರಾದರು. ಹಳ್ಳಿಗಳ ನಡುವೆ ಗುರು ಮಾತ್ರ ಉಳಿದರು.

ಅವರಲ್ಲಿ ಕುಂದುಗಳೂ ಇದ್ದವು. ತಮ್ಮ ನಡುವೆ ಬಾಳಿದ ಜನರ ಬಗ್ಗೆ ಅವರು ಕೆಲವೆಡೆ ಕಟುವಾಗಿ ಬರೆದಿದ್ದಾರೆ. ಅವರ ಪುಸ್ತಕದ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಯೇಸುಸಭೆಯ ಕೂರ್ದೂ ಎಂಬ ಗುರುಗಳ ಹಸ್ತಪ್ರತಿಯೇ ಮೂಲವೆಂದು 1987ರಲ್ಲಿ ಒಬ್ಬ ಫ್ರೆಂಚ್ ವಿದ್ವಾಂಸೆ ತೋರಿಸಿಕೊಟ್ಟರು. ಒಳ್ಳೆಯವರೂ ತಪ್ಪು ಮಾಡುತ್ತಾರೆ. ಗೆಳೆಯನ ಕುಂದನ್ನು ಬಲ್ಲವನೂ ಅವನ ಒಳಿತನ್ನು ಮರೆಯಬಾರದು.

1823ರ ಜನವರಿಯಲ್ಲಿ ಅವರು ಇಂಡಿಯಾವನ್ನು ಬಿಟ್ಟರು. ಮೂವತ್ತು ವರ್ಷಗಳ ಬಾಳು ಒಂದು ಹಡಗಿನ ಹಿಂದೆ ಮರೆಯಾಯಿತು. ಅದೇ ವರ್ಷ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ನಿರಾಶೆಯನ್ನು ಮುಚ್ಚಿಡಲಿಲ್ಲ. ಇಷ್ಟು ಕಾಲ ದುಡಿದರೂ ತಾವು ಕ್ರೈಸ್ತಧರ್ಮಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ, ಅವರಲ್ಲೂ ಹೆಚ್ಚಿನವರು ಬಡವರು ಮತ್ತು ಸಮಾಜ ದೂರವಿಟ್ಟವರು ಎಂದು ಲೆಕ್ಕ ಕೊಟ್ಟರು. ಬೇರೆ ಸಭೆಗಳ ಧರ್ಮಪ್ರಚಾರಕರು ಅವರಿಗೆ ವಿರೋಧವಾಗಿ ಪುಸ್ತಕಗಳನ್ನೇ ಬರೆದರು.

ಮುಪ್ಪಿನ ಗೆಳೆಯರು

ಕಥೆ ಅಲ್ಲಿಗೆ ಮುಗಿಯಲಿಲ್ಲ. ಪ್ಯಾರಿಸ್ಸಿಗೆ ಮರಳಿದ ಅವರು ತಮ್ಮ ಸಂಘದ ಗುರುಮಠದಲ್ಲಿ ನಿರ್ದೇಶಕರಾದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ದೂರದ ಏಷ್ಯಾಕ್ಕೆ ಹೊರಟು ನಿಂತ ತರುಣರ ನಡುವೆ ಅವರ ಮುಪ್ಪು ಕಳೆಯಿತು. ನಮ್ಮ ನಾಡಿನ ಪಂಚತಂತ್ರ ಕಥೆಗಳನ್ನು 1826ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದರು. ಬಿಟ್ಟು ಬಂದ ನಾಡನ್ನು ಅವರು ಕೈಬಿಡಲಿಲ್ಲ. 1848ರ ಫೆಬ್ರವರಿ 17ರಂದು ದೇವರ ಪಾದ ಸೇರಿದರು.

ಅವರು ಸೋಲೆಂದು ಎಣಿಸಿದ್ದು ಏನಾಯಿತು? ಸತ್ತಿಹಳ್ಳಿ ಇಂದಿಗೂ ಕ್ರೈಸ್ತ ಕುಟುಂಬಗಳ ಊರು. ಅಲ್ಲಿ ಬಲಿಪೂಜೆಯ ಗಂಟೆ ಇಂದಿಗೂ ಮೊಳಗುತ್ತದೆ. ಗೆಳೆಯರು ಬಂದು ಹೋದರು. ಅವರೊಡನೆ ಹಂಚಿಕೊಂಡ ಪ್ರೀತಿ ಮಾತ್ರ ಬೇರು ಬಿಟ್ಟು ನಿಂತಿತು.

ನಮ್ಮ ಪ್ರಭುವಿಗೂ ಹೀಗೆಯೇ ಆಯಿತಲ್ಲವೇ? ಗೆತ್ಸೆಮನೆ ತೋಪಿನಲ್ಲಿ ಗೆಳೆಯರು ನಿದ್ದೆ ಹೋದರು. ಪೇತ್ರ ಬೆಂಕಿಯ ಬಳಿ ನಿಂತು, ಆತನನ್ನು ಅರಿಯೆನೆಂದ. ಪುನರುತ್ಥಾನದ ನಂತರ ಯೇಸುಸ್ವಾಮಿ ಆ ಗೆಳೆಯರನ್ನೇ ಹುಡುಕಿಕೊಂಡು ಹೋದರು. ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಊಟಕ್ಕೆ ಕರೆದರು. ತಪ್ಪಿನ ಲೆಕ್ಕ ಕೇಳಲಿಲ್ಲ. ಪ್ರೀತಿ ಇದೆಯೇ ಎಂದಷ್ಟೇ ಕೇಳಿದರು.

ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮನೆಮಂದಿಯೆಲ್ಲ ಕೂಡಿ ಆ ಹಳೆಯ ಆಲ್ಬಮ್ಮನ್ನು ನೋಡಿ. ತೀರಿಕೊಂಡ ಗೆಳೆಯರಿಗಾಗಿ ಒಂದು ಜಪ ಹೇಳಿ. ದೂರ ಹೋದವರಿಗೆ ಒಂದು ಫೋನು ಮಾಡಿ. ಮುನಿಸಿಕೊಂಡವರಿದ್ದರೆ, ಯಾರು ಸರಿ ಯಾರು ತಪ್ಪು ಎಂಬುದನ್ನು ಪಕ್ಕಕ್ಕಿಟ್ಟು, ಅವರ ಮನೆಯ ಬಾಗಿಲು ತಟ್ಟಿ. ಅವರು ಬಾಗಿಲು ತೆರೆಯದಿದ್ದರೂ, ನಿಮ್ಮ ಮನೆಯ ಬಾಗಿಲು ಮಾತ್ರ ತೆರೆದೇ ಇರಲಿ.